ಅಗ್ಗದ ಚಹಾ ಸಮುದ್ರ ಸೇರಿದ್ದು ಯಾಕೆ?

ಇತಿಹಾಸದ ಉತ್ತರ ಪತ್ರಿಕೆ ತಿದ್ದುವಾಗ ಪ್ರತಿ ವರ್ಷ ಒಂದು ವಾಕ್ಯ ಸಿಕ್ಕೇ ಸಿಗುತ್ತದೆ: 'ಬ್ರಿಟಿಷರು ಚಹಾದ ಮೇಲಿನ ತೆರಿಗೆ ಏರಿಸಿದ್ದರಿಂದ ಅಮೆರಿಕದ ವಸಾಹತುಗಳು ದಂಗೆ ಎದ್ದವು.' ಅರ್ಧ ಅಂಕ ಕೊಟ್ಟು ಮುಂದಿನ ಪುಟಕ್ಕೆ ಹೋಗುತ್ತೇನೆ. ಆದರೆ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಜನ ಚಹಾವನ್ನು ನೀರಿಗೆ ಎಸೆದ 1773ರಲ್ಲಿ ಯಾರೂ ಚಹಾದ ತೆರಿಗೆ ಏರಿಸಲಿಲ್ಲ. ಚಹಾ ಅಗ್ಗವಾಗುವುದರಲ್ಲಿತ್ತು!

ಕಥೆ ಸಾಲದಿಂದ ಶುರುವಾಗುತ್ತದೆ. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಮೆರಿಕ ಕಾಯುವ ಸೈನ್ಯದ ಖರ್ಚಿನಲ್ಲಿ ಅಲ್ಲಿಯವರೂ ಒಂದು ಪಾಲು ಕೊಡಲಿ ಎಂದಿತು ಲಂಡನ್. ಕೇಳಿದರೆ ನ್ಯಾಯವೇ ಅನ್ನಿಸುತ್ತದೆ, ಅಲ್ವಾ?

1764ರ ಸಕ್ಕರೆ ಕಾಯ್ದೆ ನೋಡಿ. ರಮ್ ತಯಾರಿಸಲು ಬೇಕಾದ ಕಾಕಂಬಿಯ ಮೇಲಿನ ಸುಂಕ ಗ್ಯಾಲನ್‌ಗೆ 6 ಪೆನ್ಸ್ ಇದ್ದದ್ದು 3ಕ್ಕೆ ಇಳಿಯಿತು. ಆದರೂ ರಮ್ ಭಟ್ಟಿಯವರು ಕೂಗಾಡಿದರು. ಯಾಕೆಂದರೆ ಆ 6 ಪೆನ್ಸನ್ನು ಸರಿಯಾಗಿ ಕಟ್ಟಿದವರೇ ಕಡಿಮೆ. ಸುಂಕದವನ ಕೈ ಬಿಸಿ ಮಾಡಿದರೆ ಫ್ರೆಂಚ್ ದ್ವೀಪಗಳ ಕಾಕಂಬಿ ಸುಮ್ನೆ ಒಳಗೆ ಬರುತ್ತಿತ್ತು. ಈಗ ನೌಕಾಪಡೆ ಕಾವಲಿಗೆ ಬಂತು. ಸಿಕ್ಕಿಬಿದ್ದವರ ವಿಚಾರಣೆ ನೌಕಾ ನ್ಯಾಯಾಲಯದಲ್ಲಿ, ಅಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರುವ ಸಾಮಾನ್ಯ ಜನರ ತಂಡ, ಇಲ್ಲ. ಈ ಜ್ಯೂರಿ ವಿಷಯ ನೆನಪಿಟ್ಟುಕೊಳ್ಳಿ.

ಮರುವರ್ಷದ ಸ್ಟಾಂಪ್ ಕಾಯ್ದೆ ಕೈ ಹಾಕಿದ್ದು ತಪ್ಪು ಜಾಗಕ್ಕೆ. ಪತ್ರಿಕೆ, ಕರಾರು ಪತ್ರ, ಉಯಿಲು, ಇಸ್ಪೀಟು ಎಲೆ ಎಲ್ಲಕ್ಕೂ ಮುದ್ರೆಯ ದುಡ್ಡು. ಪೆಟ್ಟು ಬಿದ್ದದ್ದು ವಕೀಲರಿಗೆ, ಮುದ್ರಕರಿಗೆ. ಅಂದರೆ ಜೋರಾಗಿ ಮಾತಾಡಬಲ್ಲವರಿಗೆ, ಅದನ್ನು ಅಚ್ಚು ಹಾಕಬಲ್ಲವರಿಗೆ! 'ನಮ್ಮವರೊಬ್ಬರೂ ಇಲ್ಲದ ಸಂಸತ್ತು ನಮಗೆ ಹೇಗೆ ತೆರಿಗೆ ಹಾಕುತ್ತದೆ?' ಎಂದು ಅವರು ಕೇಳಿದರು. ಇಂಗ್ಲೆಂಡಿನದೇ ಊರಾದ ಮ್ಯಾಂಚೆಸ್ಟರ್‌ಗೂ ಪ್ರತ್ಯೇಕ ಸದಸ್ಯರಿಲ್ಲವಲ್ಲ ಎನ್ನುವುದು ಲಂಡನ್ನಿನ ವಾದ. ವಸಾಹತುಗಳು ಬ್ರಿಟಿಷ್ ಸರಕು ಕೊಳ್ಳುವುದು ನಿಲ್ಲಿಸಿದಾಗ ಬ್ರಿಟನ್ನಿನ ವರ್ತಕರೇ ಬಾಯಿ ಬಡಿದುಕೊಂಡರು. 1766ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಅದೇ ದಿನ ಇನ್ನೊಂದು ಕಾಯ್ದೆ ಬಂತು: ವಸಾಹತುಗಳಿಗೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಹಕ್ಕು ಬ್ರಿಟಿಷ್ ಸಂಸತ್ತಿಗಿದೆ ಎಂದು. ನನ್ನನ್ನು ಕೇಳಿದರೆ, ಜಗಳದ ಬೇರು ಇದೇ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಹೆಚ್ಚೆಂದರೆ ಒಂದು ಸಾಲು.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾಕ್ಕೆ ಸುಂಕ ಬಿತ್ತು. ಮತ್ತೆ ಬಹಿಷ್ಕಾರ. 1770ರಲ್ಲಿ ಚಹಾ ಒಂದನ್ನು ಬಿಟ್ಟು ಉಳಿದೆಲ್ಲ ವಾಪಸ್. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಉಳಿಸಿಕೊಂಡಿದ್ದು ಆದಾಯಕ್ಕಿಂತ ಹಕ್ಕು ತೋರಿಸಲಿಕ್ಕೆ.

ಇಷ್ಟರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುಳುಗುವ ಸ್ಥಿತಿಗೆ ಬಂತು. ಅದರ ಲಂಡನ್ ಗೋದಾಮುಗಳಲ್ಲಿ ಚೀನಾದ ಚಹಾ ಕೊಳೆಯುತ್ತಿತ್ತು. 1773ರ ಚಹಾ ಕಾಯ್ದೆ ಕಂಪನಿಗೆ ಬ್ರಿಟನ್ನಿನ ಸುಂಕ ಮಾಫಿ ಮಾಡಿತು, ನೇರವಾಗಿ ಅಮೆರಿಕಕ್ಕೆ ಕಳಿಸಲು ಬಿಟ್ಟಿತು. ಕಳ್ಳಸಾಗಣೆಯ ಡಚ್ ಚಹಾದ ಜೊತೆ ಪೈಪೋಟಿ ಮಾಡುವಷ್ಟು ಬೆಲೆ ಇಳಿಸಬಹುದಿತ್ತು. ಆದರೆ ಮಾರುವ ಹಕ್ಕು ಕಂಪನಿ ಆರಿಸಿದ ಕೆಲವೇ ಏಜೆಂಟರಿಗೆ. ಬಾಸ್ಟನ್ನಿನಲ್ಲಿ ಆ ಏಜೆಂಟರ ಪೈಕಿ ಇಬ್ಬರು ಗವರ್ನರ್ ಹಚಿನ್‌ಸನ್‌ರ ಮಕ್ಕಳು. ಊರಿನ ವರ್ತಕರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಇವತ್ತು ಚಹಾ, ನಾಳೆ ಇನ್ಯಾವ ಸರಕೋ ಎಂಬ ಭಯ ಬೇರೆ. ಅಗ್ಗ ಅಂತ ಕೊಂಡರೆ ಆ 3 ಪೆನ್ಸನ್ನೂ ಒಪ್ಪಿಕೊಂಡಂತೆ.

ಮೊದಲ ಹಡಗು ಡಾರ್ಟ್‌ಮತ್ ಬಾಸ್ಟನ್ ತಲುಪಿದ್ದು ನವೆಂಬರ್ 28ಕ್ಕೆ. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಕಟ್ಟದೆ ವಾಪಸ್ ಹೋಗಲು ಗವರ್ನರ್ ಬಿಡಲಿಲ್ಲ. ಗಡುವಿನ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಮೂರು ಹಡಗುಗಳ 342 ಪೆಟ್ಟಿಗೆ ಚಹಾ ನೀರಿಗೆ ಬಿತ್ತು.

ಶಿಕ್ಷೆಯಾಗಿ 1774ರಲ್ಲಿ ಬಾಸ್ಟನ್ ಬಂದರಿಗೇ ಬೀಗ ಬಿತ್ತು. ಇದೊಂದು ದೊಡ್ಡ ಎಡವಟ್ಟು. ಅಲ್ಲಿಯವರೆಗೆ ತಮ್ಮ ತಮ್ಮಲ್ಲೇ ಕಚ್ಚಾಡುತ್ತಿದ್ದ ವಸಾಹತುಗಳಲ್ಲಿ 12, ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಒಟ್ಟಿಗೆ ಕೂತವು. 1775ರ ಏಪ್ರಿಲ್‌ನಲ್ಲಿ ಗುಂಡು ಹಾರಿತು, ಯುದ್ಧ ಶುರುವಾಯಿತು.

1776ರ ಸ್ವಾತಂತ್ರ್ಯ ಘೋಷಣೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ರಾಜನ ಮೇಲಿನ ದೂರುಗಳ ಪಟ್ಟಿಯ ನಡುವೆ ಮೂರು ಸಾಲು ಒಂದರ ಹಿಂದೆ ಒಂದು ಬರುತ್ತವೆ: ನಮ್ಮ ವ್ಯಾಪಾರ ಕಡಿದಿದ್ದು, ನಮ್ಮ ಒಪ್ಪಿಗೆಯಿಲ್ಲದೆ ತೆರಿಗೆ ಹೇರಿದ್ದು, ಜ್ಯೂರಿ ವಿಚಾರಣೆ ತಪ್ಪಿಸಿದ್ದು. ಚಹಾ ಎಂಬ ಪದ ಆ ಪಟ್ಟಿಯಲ್ಲಿ ಒಂದು ಸಲವೂ ಬರುವುದಿಲ್ಲ.