ಪಾದರಸ ಹೋದರೂ ಅದರ ಅಳತೆ ಹೋಗಲಿಲ್ಲ

ಡಾಕ್ಟರು ಬಿಪಿ 120/80 ಅಂತಾರೆ. ಬಂಕಿನಲ್ಲಿ ಕಾರಿನ ಟೈರಿಗೆ 32 ಹಾಕಿಸುತ್ತೇವೆ. ಚಂಡಮಾರುತದ ಸುದ್ದಿಯಲ್ಲಿ 990, 1000 ಅಂತೆಲ್ಲ ಬರುತ್ತದೆ. ಮೂರೂ ಒತ್ತಡದ ಲೆಕ್ಕವೇ. ಆದರೆ ಒಂದು ಪಾದರಸದ ಮಿಲಿಮೀಟರ್, ಇನ್ನೊಂದು ಪಿಎಸ್‌ಐ, ಮತ್ತೊಂದು ಹೆಕ್ಟೊಪ್ಯಾಸ್ಕಲ್ (ನೂರು ಪ್ಯಾಸ್ಕಲ್). ಶಾಲೆಯಲ್ಲಿ ಕಲಿತ ಪ್ಯಾಸ್ಕಲ್ ಒಂದೇ ಸಾಕಿತ್ತು, ಅಲ್ವಾ?

ಶುರುವಾಗಿದ್ದು ಇಟಲಿಯಲ್ಲಿ. ಬಾವಿಯ ನೀರನ್ನು ಹೀರುವ ಪಂಪುಗಳು ಸುಮಾರು 10 ಮೀಟರಿಗಿಂತ ಮೇಲೆ ಏನು ಮಾಡಿದರೂ ಎತ್ತುತ್ತಿರಲಿಲ್ಲ. 1640ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಟಾರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದ. ಅದು ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ಉದ್ದದ ಕೊಳವೆ ಬೇಕಿಲ್ಲ. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ತುಂಬಿ, ಪಾದರಸವೇ ಇದ್ದ ಬಟ್ಟಲಿನಲ್ಲಿ ತಲೆಕೆಳಗಾಗಿ ಹಿಡಿದಾಗ ಅದು ಸ್ವಲ್ಪ ಇಳಿದು ಸುಮಾರು 76 ಸೆಂ.ಮೀ.ಗೆ ನಿಂತಿತು. ಹೊರಗಿನ ಗಾಳಿಯ ಭಾರವೇ ಅದನ್ನು ಎತ್ತಿ ಹಿಡಿದಿತ್ತು. 1648ರಲ್ಲಿ ಫ್ರಾನ್ಸಿನ ವಿಜ್ಞಾನಿ ಪ್ಯಾಸ್ಕಲ್ ತನ್ನ ಭಾವನಿಗೆ ಹೇಳಿ ಇಂಥದೇ ಕೊಳವೆಯನ್ನು ಬೆಟ್ಟದ ಮೇಲಕ್ಕೆ ಕಳಿಸಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂ.ಮೀ. ಕೆಳಗಿತ್ತು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲೂ ಅದು 76 ಮುಟ್ಟುವುದಿಲ್ಲ, 68ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಕೊಳವೆಯ ಪಕ್ಕ ಸ್ಕೇಲ್ ಇಟ್ಟು ಓದಿದ ಎತ್ತರವೇ ಒತ್ತಡದ ಅಳತೆಯಾಯಿತು. 1896ರಲ್ಲಿ ಇಟಲಿಯ ವೈದ್ಯ ರೀವಾ-ರೋಚಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನ ಮಾಡಿದಾಗಲೂ ಅದರಲ್ಲಿ ಇದ್ದದ್ದು ಪಾದರಸವೇ. ಅತ್ತ ಬ್ರಿಟನ್ನಿನವರು ಬಾಯ್ಲರುಗಳ ಒತ್ತಡವನ್ನು ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಅಂತ ಲೆಕ್ಕ ಹಾಕುತ್ತಿದ್ದರು. ಅದೇ ಪಿಎಸ್‌ಐ.

1971ರಲ್ಲಿ ಪ್ಯಾಸ್ಕಲ್ ಹೆಸರಿನ ಮಾನಕ್ಕೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಆದರೆ ಅದು ತೀರಾ ಚಿಕ್ಕದು. ಮೇಜಿನ ಮೇಲೆ ಬಿದ್ದಿರುವ ಒಂದು ಜೆರಾಕ್ಸ್ ಹಾಳೆ ಹಾಕುವ ಒತ್ತಡವೇ ಹೆಚ್ಚುಕಡಿಮೆ 0.8 ಪ್ಯಾಸ್ಕಲ್. ಸಮುದ್ರ ಮಟ್ಟದ ಗಾಳಿಯ ಒತ್ತಡ 1,01,325 ಪ್ಯಾಸ್ಕಲ್. ಅದನ್ನೇ 760 ಮಿ.ಮೀ. ಪಾದರಸ, 14.7 ಪಿಎಸ್‌ಐ ಅಥವಾ 1.013 ಬಾರ್ (ಒಂದು ಬಾರ್ ಅಂದರೆ ಒಂದು ಲಕ್ಷ ಪ್ಯಾಸ್ಕಲ್) ಅಂತಲೂ ಹೇಳಬಹುದು.

ಹವಾಮಾನದವರಿಗೆ ಬದಲಾವಣೆ ಸುಲಭವಾಯಿತು. ಅವರು ಮೊದಲು ಬಳಸುತ್ತಿದ್ದ ಮಿಲಿಬಾರ್, ಅಂದರೆ ಬಾರಿನ ಸಾವಿರದ ಒಂದು ಭಾಗ, ಸರಿಯಾಗಿ ಒಂದು ಹೆಕ್ಟೊಪ್ಯಾಸ್ಕಲ್. ಹೆಸರು ಬದಲಾದರೂ ಅಂಕಿ ಅದೇ ಉಳಿಯಿತು. ಬಿಪಿಯಲ್ಲಿ ಹಾಗಲ್ಲ. 120/80 ಹೋಗಿ 16/10.7 ಕಿಲೊಪ್ಯಾಸ್ಕಲ್ ಆಗಬೇಕು. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಬಾಯಿಪಾಠವಾದ ಅಂಕಿಯನ್ನು ಅಳಿಸುವುದು ಬೇಡ ಅನ್ನುವುದೇ ನನಗೂ ಸರಿ ಕಾಣುತ್ತದೆ. ಇಲ್ಲಿ ಗೊಂದಲವಾದರೆ ಮಾತ್ರೆಯೇ ಹೆಚ್ಚುಕಡಿಮೆ ಆದೀತು. ಪಾದರಸ ವಿಷ ಅಂತ ಅದರ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದ ನಂತರ ಆಸ್ಪತ್ರೆಗಳಲ್ಲಿ ಆ ಉಪಕರಣಗಳು ಕಡಿಮೆಯಾಗುತ್ತಿವೆ. ಬ್ಯಾಟರಿಯ ಮಿಷನ್ನಿನಲ್ಲಿ ಒಂದು ಹನಿ ಪಾದರಸವೂ ಇಲ್ಲ, ಆದರೂ ತೋರಿಸುವುದು ಪಾದರಸದ ಮಿಲಿಮೀಟರನ್ನೇ.

ಟೈರಿನ ವಿಷಯಕ್ಕೆ ಬಂದರೆ, ಕಾರಿನ ಬಾಗಿಲ ಬಳಿಯ ಚೀಟಿಯಲ್ಲಿ 220 ಕೆಪಿಎ (ಕಿಲೊಪ್ಯಾಸ್ಕಲ್) ಅಂತಿದ್ದರೆ 6.9ರಿಂದ ಭಾಗಿಸಿ, 32 ಪಿಎಸ್‌ಐ ಸಿಗುತ್ತದೆ. ಪಂಪು ಬಾರ್ ತೋರಿಸಿದರೆ 14.5ರಿಂದ ಗುಣಿಸಿ. ಒಂದು ಮಾತ್ರ ಗಮನದಲ್ಲಿರಲಿ: ಈ 32 ಅನ್ನುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವ ಲೆಕ್ಕ. ಪಂಕ್ಚರ್ ಆಗಿ ಸೊನ್ನೆ ತೋರಿಸುವ ಟೈರಿನೊಳಗೂ ಹೊರಗಿನಷ್ಟೇ ಒತ್ತಡ ಇರುತ್ತದೆ. ಮಕ್ಕಳು ಅನಿಲದ ಒತ್ತಡಕ್ಕೂ ಗಾತ್ರಕ್ಕೂ ಇರುವ ಸಂಬಂಧ ಹೇಳುವ ಬಾಯ್ಲ್‌ನ ನಿಯಮದ ಲೆಕ್ಕ ಮಾಡುವಾಗ ಮೊದಲು ಆ 14.7 ಕೂಡಿಸಿ 46.7 ಮಾಡಿಕೊಳ್ಳಬೇಕು, ಆಮೇಲೆ ಬೇಕಾದ ಮಾನಕ್ಕೆ ಬದಲಿಸಬೇಕು.