ಪ್ರಾಂಶುಪಾಲರ ಅಮೆರಿಕ ಅಧ್ಯಯನ: ಅರ್ಜಿ ಹಾಕಿದ ದಿನವೇ ಫೈಲು ಕದಲಲಿ

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಪ್ರಾಂಶುಪಾಲನಾಗಿದ್ದೇನೆ. ಅಮೆರಿಕದ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಸಾರ್ವಜನಿಕ ಕಾಲೇಜುಗಳ) ಆಡಳಿತ ನೋಡಿ ಕಲಿಯಲು ನಮ್ಮಂಥವರಿಗೆ ವಿನಿಮಯ ಕಾರ್ಯಕ್ರಮಗಳಿವೆ ಎಂದು ಕೇಳಿದ್ದೇನೆ. ಅರ್ಜಿ ಹೇಗೆ, ಖರ್ಚು ಯಾರದು, ಸರ್ಕಾರದ ಅನುಮತಿಗೆ ಏನು ಮಾಡಬೇಕು?

ಉತ್ತರ: ಅರ್ಜಿ ಹಾಕಬಹುದು. ಹೋಗಿಬರುವ ವಿಮಾನ, ವಸತಿ, ಊಟದ ಭತ್ಯೆ, ವಿಮೆ ಇವನ್ನೆಲ್ಲ ಸಾಮಾನ್ಯವಾಗಿ ಕಾರ್ಯಕ್ರಮದವರೇ ನೋಡಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಖರ್ಚು ನಿಮ್ಮದು. ಆದರೆ ಸರ್ಕಾರಿ ನೌಕರರ ಮಟ್ಟಿಗೆ ಆಯ್ಕೆಗಿಂತ ಅನುಮತಿಯೇ ಕಷ್ಟದ ಘಟ್ಟ. ಆಯ್ಕೆಪತ್ರ ಕೈಗೆ ಬಂದ ಮೇಲೆ ಫೈಲು ಎಬ್ಬಿಸಿದರೆ ಹೊರಡುವ ದಿನಾಂಕ ಬಂದರೂ ಆದೇಶ ಬಂದಿರುವುದಿಲ್ಲ.

ಮೊದಲು ಯಾವುದಕ್ಕೆ ಅರ್ಜಿ ಎಂಬುದು ಸ್ಪಷ್ಟವಾಗಲಿ. ಹೆಸರುಗಳು ಒಂದರಂತೆ ಒಂದಿರುವುದರಿಂದ ಗೊಂದಲ ಸಹಜ. ‘ಕಮ್ಯುನಿಟಿ ಕಾಲೇಜ್ ಇನಿಶಿಯೇಟಿವ್’ ಎಂಬುದು ಯುವಜನರು ಒಂದು ಶೈಕ್ಷಣಿಕ ವರ್ಷ ಅಲ್ಲಿದ್ದು ಓದುವ ಕಾರ್ಯಕ್ರಮ, ಪ್ರಾಂಶುಪಾಲರಿಗಲ್ಲ. ನೀವು ಕೇಳಿರುವುದು ‘ಕಮ್ಯುನಿಟಿ ಕಾಲೇಜ್ ಅಡ್ಮಿನಿಸ್ಟ್ರೇಟರ್ ಪ್ರೋಗ್ರಾಂ’ ಇರಬೇಕು. ಅಮೆರಿಕದ ವಿದೇಶಾಂಗ ಇಲಾಖೆಯ ಹಣದಲ್ಲಿ ಫ್ಲಾರಿಡಾ ಸ್ಟೇಟ್ ಯುನಿವರ್ಸಿಟಿ ನಡೆಸಿಕೊಂಡು ಬಂದಿರುವ, ಸುಮಾರು ಆರು ವಾರಗಳ ಕಾರ್ಯಕ್ರಮ ಅದು. ಪ್ರತಿ ಸುತ್ತಿಗೂ ಕೆಲವೇ ದೇಶಗಳನ್ನು ಆರಿಸುತ್ತಾರೆ, ಹಾಗಾಗಿ ಆ ವರ್ಷ ಕಾರ್ಯಕ್ರಮ ನಡೆಯುತ್ತಿದೆಯೇ, ಪಟ್ಟಿಯಲ್ಲಿ ಭಾರತ ಇದೆಯೇ ಎಂದು ನೋಡಿಯೇ ಮುಂದಿನ ಮಾತು. ಇದಲ್ಲದೆ ಭಾರತ-ಅಮೆರಿಕ ಶೈಕ್ಷಣಿಕ ಪ್ರತಿಷ್ಠಾನ ಪ್ರಕಟಿಸುವ ಫುಲ್‌ಬ್ರೈಟ್-ನೆಹರೂ ಆಡಳಿತಗಾರರ ಸೆಮಿನಾರ್ ಇದೆ. ಅದು ಎರಡು ವಾರದ್ದು, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಹಿರಿಯ ಆಡಳಿತಗಾರರಿಗೆ. 1950ರ ಒಪ್ಪಂದದಿಂದ ಹುಟ್ಟಿದ ಈ ಪ್ರತಿಷ್ಠಾನಕ್ಕೆ 2008ರ ಒಪ್ಪಂದದ ನಂತರ ಭಾರತ ಸರ್ಕಾರವೂ ಸಮಪಾಲು ಹಣ ಕೊಡುತ್ತದೆ. ‘ಇಂಟರ್‌ನ್ಯಾಷನಲ್ ವಿಸಿಟರ್ ಲೀಡರ್‌ಶಿಪ್’ಗೆ ಅರ್ಜಿಯೇ ಇಲ್ಲ, ರಾಯಭಾರ ಕಚೇರಿಯವರೇ ಹೆಸರು ಸೂಚಿಸುತ್ತಾರೆ. ಅದಕ್ಕೆ ಫಾರಂ ತುಂಬಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಕೈ ಮುಗಿಯಿರಿ.

ಅರ್ಜಿ ಬಹುಮಟ್ಟಿಗೆ ಕೆಡುವುದು ಉದ್ದೇಶದ ಬರಹದಲ್ಲಿ. ‘ಜಾಗತಿಕ ಗುಣಮಟ್ಟದ ಶಿಕ್ಷಣ ಪದ್ಧತಿಯನ್ನು ಅರಿತು ನಮ್ಮ ಸಂಸ್ಥೆಯಲ್ಲಿ ಅಳವಡಿಸುವುದು’ ಎಂಬ ವಾಕ್ಯ ಬೀದರಿನಿಂದ ಚಾಮರಾಜನಗರದವರೆಗೆ ಯಾವ ಕಾಲೇಜಿಗಾದರೂ ಒಗ್ಗುತ್ತದೆ, ಅದಕ್ಕೇ ಯಾರಿಗೂ ಅಂಕ ತರುವುದಿಲ್ಲ. ನಿಮ್ಮ ಊರಿನ ಒಂದು ತೊಡಕನ್ನು ಹಿಡಿಯಿರಿ. ಮುಧೋಳ, ಜಮಖಂಡಿ ಸುತ್ತಲಿನ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದು ಚಳಿಗಾಲದ ಹಂಗಾಮಿನಲ್ಲಿ. ಬಾಯ್ಲರ್, ಟರ್ಬೈನ್, ಇನ್‌ಸ್ಟ್ರುಮೆಂಟೇಶನ್ ಕಲಿಯಬೇಕಾದ ಹುಡುಗರು ಗಿರಣಿ ನಿಂತ ಮೇಲೆ ತರಬೇತಿಗೆ ಹೋದರೆ ಬಿಚ್ಚಿಟ್ಟ ಪಂಪು ನೋಡಿ ಬರುತ್ತಾರೆ, ಅಷ್ಟೇ. ಹಂಗಾಮಿಗೆ ತಕ್ಕಂತೆ ತರಗತಿಯನ್ನು ಹೊಂದಿಸುವುದು ಹೇಗೆ ಎಂದು ಕೇಳಿದರೆ ಅದು ಪ್ರಶ್ನೆ. ಬೆಳಗಾವಿಯವರಾದರೆ ಉದ್ಯಮಬಾಗದ ಫೌಂಡ್ರಿ ಕಾರ್ಮಿಕರಿಗೆ ಸಂಜೆಯ ಕಿರು ಕೋರ್ಸು, ವಿಜಯಪುರದವರಾದರೆ ದ್ರಾಕ್ಷಿ-ಒಣದ್ರಾಕ್ಷಿ ಶೀತಲಗೃಹಗಳಿಗೆ ಬೇಕಾದ ರೆಫ್ರಿಜರೇಶನ್ ತಂತ್ರಜ್ಞರು. ಪುಟದ ಕೊನೆಯಲ್ಲಿ, ಬಂದ ಮೇಲೆ ಆರು ತಿಂಗಳಲ್ಲಿ ನಿಮ್ಮ ಅಧಿಕಾರದ ಮಿತಿಯಲ್ಲೇ ಏನು ಮಾಡಬಲ್ಲಿರಿ ಎಂದು ಬರೆಯಿರಿ. ‘ಪಠ್ಯಕ್ರಮ ಬದಲಿಸುತ್ತೇನೆ’ ಎನ್ನಬೇಡಿ. ಅದು ನಿಮ್ಮ ಕೈಯಲ್ಲಿಲ್ಲ ಎಂಬುದು ಸಂದರ್ಶನ ಮಾಡುವವರಿಗೂ ಗೊತ್ತು.

ಇನ್ನು ಫೈಲು. ಸುವರ್ಣ ವಿಧಾನಸೌಧ ಬೆಳಗಾವಿಯಲ್ಲಿದ್ದರೂ ಈ ಫೈಲು ಹೋಗುವುದು ಬೆಂಗಳೂರಿಗೇ. ಪಾಲಿಟೆಕ್ನಿಕ್‌ನವರದು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಆಯುಕ್ತರಿಂದ ಉನ್ನತ ಶಿಕ್ಷಣ ಇಲಾಖೆಯ ಸಚಿವಾಲಯಕ್ಕೆ. ಐಟಿಐ ಪ್ರಾಂಶುಪಾಲರದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಮೂಲಕ ಕೌಶಲ್ಯಾಭಿವೃದ್ಧಿ ಇಲಾಖೆಗೆ. ಅರ್ಜಿಯ ಜೊತೆ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಕೇಳಿದಾಗ ಪ್ರಾಂಶುಪಾಲರು ತಮಗೆ ತಾವೇ ಸಹಿ ಹಾಕಿಕೊಳ್ಳುವಂತಿಲ್ಲ, ಮೇಲಿನವರ ಸಹಿ ಬೇಕು. ಇದನ್ನು ಅಡ್ಡಿ ಎನ್ನದೆ ಅನುಕೂಲವೆಂದೇ ತಿಳಿಯಿರಿ: ಆ ಪತ್ರ ಕೇಳಿ ಬರೆದ ದಿನವೇ ಫೈಲು ಹುಟ್ಟುತ್ತದೆ. ಆಯ್ಕೆಯಾದ ಮೇಲೆ ಅದೇ ಕಡತಕ್ಕೆ ಆಹ್ವಾನ ಪತ್ರ, ದಿನವಾರು ಕಾರ್ಯಕ್ರಮ, ಖರ್ಚು ಯಾರದೆಂಬ ಪತ್ರ, ಇಲಾಖಾ ವಿಚಾರಣೆ ಬಾಕಿ ಇಲ್ಲವೆಂಬ ದೃಢೀಕರಣ, ಪ್ರಭಾರ ಯಾರಿಗೆಂಬ ಪ್ರಸ್ತಾವನೆ ಸೇರಿಸಿದರಾಯಿತು. ಫೈಲು ವಾಪಸು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ‘ಸರ್ಕಾರಕ್ಕೆ ಆರ್ಥಿಕ ಹೊರೆ ಇಲ್ಲ’ ಎಂಬ ಸಾಲು ಸ್ಪಷ್ಟವಾಗಿಲ್ಲದಿರುವುದು. ಇನ್ನೊಂದು, ಪ್ರಯಾಣದ ದಿನಗಳನ್ನು ಬಿಟ್ಟು ಬರೀ ಕಾರ್ಯಕ್ರಮದ ದಿನಗಳಿಗೆ ಅನುಮತಿ ಕೇಳಿರುವುದು. ಆ ಅವಧಿ ಕರ್ತವ್ಯವೋ ರಜೆಯೋ ಎಂಬುದನ್ನೂ ಆದೇಶದಲ್ಲೇ ಬರೆಸಿಕೊಳ್ಳಿ. ಆಮೇಲೆ ತಿದ್ದಿಸುವುದು ಇನ್ನೊಂದು ಫೈಲಿನ ಕೆಲಸ.

ಬಹಳ ಜನ ಮರೆಯುವುದು ವಿದೇಶಿ ಆತಿಥ್ಯದ ಅನುಮತಿ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರ 6ನೇ ಕಲಮಿನ ಪ್ರಕಾರ ಸರ್ಕಾರಿ ನೌಕರರು, ಸರ್ಕಾರದ ಒಡೆತನ ಅಥವಾ ಹಿಡಿತದಲ್ಲಿರುವ ಸಂಸ್ಥೆಗಳ ನೌಕರರು ಹೊರದೇಶದಲ್ಲಿ ವಿದೇಶಿ ಮೂಲದ ಟಿಕೆಟು, ವಸತಿ, ಊಟ ಸ್ವೀಕರಿಸಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಅರ್ಜಿ ಎಫ್‌ಸಿ-2 ನಮೂನೆ, ಆನ್‌ಲೈನ್‌ನಲ್ಲೇ. ಹೊರಡುವುದಕ್ಕೆ ಸಾಮಾನ್ಯವಾಗಿ ಎರಡು ವಾರ ಮೊದಲು ತಲುಪಿರಬೇಕು ಎನ್ನುತ್ತದೆ ನಿಯಮ. ರಾಜ್ಯದ ಆದೇಶ ಬಂದ ಮೇಲೆ ಇದನ್ನು ಮಾಡೋಣ ಎಂದು ಕೂತರೆ ಆ ಎರಡು ವಾರ ಉಳಿದಿರುವುದಿಲ್ಲ. ಆಹ್ವಾನ ಪತ್ರ ಸಿಕ್ಕ ಕೂಡಲೇ ತುಂಬಲು ಶುರು ಮಾಡಿ.

ಪಾಸ್‌ಪೋರ್ಟನ್ನು ಆಯ್ಕೆಗಾಗಿ ಕಾಯದೆ ಈಗಲೇ ಮಾಡಿಸಿ. ಸರ್ಕಾರಿ ನೌಕರರು ನಿರಾಕ್ಷೇಪಣಾ ಪತ್ರ ತರಬಹುದು, ಇಲ್ಲವೇ ಇಲಾಖೆಗೆ ಮುಂಚಿತವಾಗಿ ತಿಳಿಸಿದ ಪತ್ರದ ಪ್ರತಿ ಕೊಡಬಹುದು. ಎರಡನೆಯದು ಬೇಗ ಆಗುವ ದಾರಿ. ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ, ಬೆಳಗಾವಿಯವರಿಗೆ ಅಂಚೆ ಕಚೇರಿಯಲ್ಲೇ ಆಗುತ್ತದೆ. ನಮ್ಮ ಭಾಗದಲ್ಲಿ ಎಡವುವುದು ಹೆಸರಿನ ವಿಷಯಕ್ಕೆ. ಅಂಕಪಟ್ಟಿಯಲ್ಲಿ ಅಡ್ಡಹೆಸರು (ಮನೆತನದ ಹೆಸರು) ಮೊದಲು, ಸೇವಾ ಪುಸ್ತಕದಲ್ಲಿ ಕೊನೆಗೆ, ಆಧಾರಿನಲ್ಲಿ ತಂದೆಯ ಹೆಸರು ನಡುವೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಸಾಲು ಖಾಲಿ ಉಳಿದರೆ ವೀಸಾ ಕಾಗದಗಳಲ್ಲಿ ನಿಮ್ಮ ಇಡೀ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಹೆಸರು ಗೊತ್ತಿಲ್ಲ ಎಂಬುದಕ್ಕೆ ಅವರ ಗುರುತು ಅದು. ಅಪರಾಧವೇನಲ್ಲ, ಆದರೆ ವಿಮಾನ ಟಿಕೆಟು, ವಿಮೆ, ಭತ್ಯೆಯ ಕಾರ್ಡು ಎಲ್ಲದರಲ್ಲೂ ಅದೇ ಗೋಜಲು. ಪಾಸ್‌ಪೋರ್ಟಿನಲ್ಲಿ ಇರುವ ಕಾಗುಣಿತವನ್ನೇ ಅರ್ಜಿಯ ಮೊದಲ ದಿನದಿಂದ ಬಳಸಿ.

ವೀಸಾ ಜೆ-1, ವಿನಿಮಯ ಕಾರ್ಯಕ್ರಮದವರಿಗೆ ಕೊಡುವಂಥದ್ದು. ಕಾರ್ಯಕ್ರಮದವರು ಡಿಎಸ್-2019 ಎಂಬ ಕಾಗದ ಕಳಿಸುತ್ತಾರೆ, ನೀವು ಡಿಎಸ್-160 ಎಂಬ ವೀಸಾ ಅರ್ಜಿ ತುಂಬುತ್ತೀರಿ. ಆ ಮೊದಲ ಕಾಗದದಲ್ಲಿ ಕಾರ್ಯಕ್ರಮದ ಸಂಖ್ಯೆ ‘ಜಿ-1’ ಎಂದು ಶುರುವಾಗಿದ್ದರೆ ಸೆವಿಸ್ (ವಿನಿಮಯದವರ ಹೆಸರು ದಾಖಲಿಸುವ ಅಮೆರಿಕದ ವ್ಯವಸ್ಥೆ) ಶುಲ್ಕವೂ ಇಲ್ಲ, ವೀಸಾ ಅರ್ಜಿ ಶುಲ್ಕವೂ ಇಲ್ಲ. ಏಜೆಂಟರ ಮಾತು ಕೇಳಿ ಕಟ್ಟಿಬಿಡಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆ ಇರಲಿಲ್ಲ. ಅಲ್ಲಿಗೆ ಟಿಕೆಟು ತೆಗೆಸುವ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಹೈದರಾಬಾದ್, ಮುಂಬೈ ಅಥವಾ ಚೆನ್ನೈ.

ಹೊರಡುವ ಮುಂಚೆ ಪ್ರಭಾರ ಕೊಡುವುದೆಂದರೆ ಕಪಾಟಿನ ಬೀಗದ ಕೈ ಕೊಡುವುದಷ್ಟೇ ಅಲ್ಲ. ಪ್ರಾಂಶುಪಾಲರೇ ಡಿಡಿಒ, ಅಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ. ನೌಕರರ ಸಂಬಳದ ಆನ್‌ಲೈನ್ ವ್ಯವಸ್ಥೆ ಎಚ್‌ಆರ್‌ಎಂಎಸ್‌ನಲ್ಲಿ ಸಂಬಳದ ಬಿಲ್ಲು, ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಲ್ಲಿ ಡಿಜಿಟಲ್ ಸಹಿ ನಿಮ್ಮ ಹೆಸರಿನಲ್ಲಿದ್ದರೆ ಆರು ವಾರದಲ್ಲಿ ಒಂದು ತಿಂಗಳ ಪಗಾರ ನಿಂತೇ ನಿಲ್ಲುತ್ತದೆ. ಪ್ರಭಾರಿಯ ಡಿಜಿಟಲ್ ಸಹಿಯನ್ನು ಖಜಾನೆಯಲ್ಲಿ ನೋಂದಾಯಿಸಿ, ಒಂದು ಸಣ್ಣ ಬಿಲ್ಲನ್ನು ಅವರಿಂದಲೇ ಪಾಸು ಮಾಡಿಸಿ ನೋಡಿಯೇ ಹೊರಡಿ. ಸೆಮಿಸ್ಟರ್ ಪರೀಕ್ಷೆಯ ಮುಖ್ಯ ಅಧೀಕ್ಷಕರ ಹೊಣೆಗೂ ಬೇರೆ ಆದೇಶ ಬೇಕು.

ಅಲ್ಲಿ ಹೋದ ಮೇಲೆ ಲ್ಯಾಬಿನ ಯಂತ್ರಗಳ ಮುಂದೆ ಫೋಟೊ ತೆಗೆಸಿಕೊಳ್ಳುವುದರಲ್ಲಿ ದಿನ ಕಳೆಯಬೇಡಿ. 1901ರಲ್ಲಿ ಇಲಿನಾಯ್‌ನ ಜೋಲಿಯಟ್‌ನಲ್ಲಿ ಶುರುವಾದ ಈ ಬಗೆಯ ಸಾರ್ವಜನಿಕ ಕಾಲೇಜುಗಳ ಬಲ ಯಂತ್ರದಲ್ಲಿಲ್ಲ. ಪ್ರತಿ ತಾಂತ್ರಿಕ ಕೋರ್ಸಿಗೂ ಊರಿನ ಉದ್ಯಮಿಗಳ ಸಲಹಾ ಸಮಿತಿ ಇರುತ್ತದೆ. ಅದರ ಹಿಂದಿನ ಎರಡು-ಮೂರು ಸಭೆಗಳ ನಡಾವಳಿ ಕೇಳಿ ಪಡೆಯಿರಿ. ಯಾರು ಏನು ಹೇಳಿದರು, ಅದರಿಂದ ಯಾವ ಪಾಠ ಹೋಯಿತು, ಯಾವುದು ಬಂತು ಎಂದು ಓದಿದರೆ ನೂರು ಸ್ಲೈಡುಗಳಿಗಿಂತ ಹೆಚ್ಚು ತಿಳಿಯುತ್ತದೆ. ಎರಡು ವರ್ಷ ಓದಿದವರ ಕ್ರೆಡಿಟ್ಟುಗಳನ್ನು ನಾಲ್ಕು ವರ್ಷದ ವಿಶ್ವವಿದ್ಯಾಲಯ ಒಪ್ಪಿಕೊಳ್ಳುವ ಒಪ್ಪಂದದ ಪ್ರತಿಯನ್ನೂ ನೋಡಿ. ನಮ್ಮ ಡಿಪ್ಲೊಮಾದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿಇಗೆ ಸೇರುವುದಕ್ಕೂ ಅದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ.

ಅನುದಾನಿತ ಪಾಲಿಟೆಕ್ನಿಕ್‌ನವರಿಗೆ ಆಡಳಿತ ಮಂಡಳಿಯ ಠರಾವು ಮೊದಲು, ಸಂಬಳ ಸರ್ಕಾರದ ಅನುದಾನದಿಂದ ಬರುವುದಾದರೆ ಇಲಾಖೆಯ ಅನುಮತಿಯೂ ಬೇಕು. ಪೂರ್ಣ ಖಾಸಗಿಯವರಿಗೆ ಮಂಡಳಿಯ ಒಪ್ಪಿಗೆ ಸಾಕು.

ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಜೆ-1ನವರು 30 ದಿನ ಅಲ್ಲಿರಲು ವೀಸಾ ನಿಯಮ ಬಿಡುತ್ತದೆ, ಆದರೆ ನಿಮ್ಮನ್ನು ಕಟ್ಟುವುದು ಸರ್ಕಾರದ ಆದೇಶದ ದಿನಾಂಕ. ಸರ್ಕಾರಿ ಹಣದ ಜೆ-1ಗೆ ಎರಡು ವರ್ಷದ ನಿಬಂಧನೆಯೂ ಇರುತ್ತದೆ: ಅಷ್ಟು ಕಾಲ ಭಾರತದಲ್ಲಿ ಇರದೆ ಅಲ್ಲಿ ಕೆಲಸಕ್ಕೆ ಬೇಕಾಗುವ ಎಚ್ ಅಥವಾ ಎಲ್ ವೀಸಾ, ಕಾಯಂ ವಾಸದ ಗ್ರೀನ್ ಕಾರ್ಡ್ ಸಿಗುವುದಿಲ್ಲ. ಮೊಮ್ಮಕ್ಕಳನ್ನು ನೋಡಲು ಪ್ರವಾಸಿ ವೀಸಾದಲ್ಲಿ ಹೋಗಿಬರುವುದಕ್ಕೆ ಇದು ಅಡ್ಡ ಬರುವುದಿಲ್ಲ.