ವರ್ಚುವಲ್ ಮೆಷಿನ್ ಶುರು ಮಾಡಿದರೆ ಇಡೀ ಕಂಪ್ಯೂಟರೇ ಬೀಳುವುದು ಏಕೆ? ಲ್ಯಾಬ್‌ಗೆ ಮೊದಲು ಓದಿಕೊಳ್ಳುವ ಟಿಪ್ಪಣಿ

ವರ್ಚುವಲ್ ಮೆಷಿನ್ (ವಿಎಂ) ಎಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟುವ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಅಂಥ ಸಾಫ್ಟ್‌ವೇರ್. ಹೊರಗಿನ ನಿಜವಾದ ಕಂಪ್ಯೂಟರ್ ಹೋಸ್ಟ್, ಒಳಗೆ ಓಡುವ ಉಬುಂಟುವಿನಂಥ ಲಿನಕ್ಸ್ ಗೆಸ್ಟ್. ಬ್ರೌಸರ್ ಕ್ರ್ಯಾಶ್ ಆದರೆ ಬ್ರೌಸರ್ ಮಾತ್ರ ಮುಚ್ಚುತ್ತದೆ, ವಿಂಡೋಸ್ ತನ್ನ ಪಾಡಿಗೆ ಇರುತ್ತದೆ. ಹಾಗಾದರೆ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಶುರು ಮಾಡಿದ ಕೂಡಲೇ ಹೋಸ್ಟ್ ಕಂಪ್ಯೂಟರೇ ರೀಸ್ಟಾರ್ಟ್ ಆಗುವುದು ಹೇಗೆ?

ಬಾಡಿಗೆ ರೂಮುಗಳಿರುವ ಮನೆ ನೆನಪಿಸಿಕೊಳ್ಳಿ. ಒಂದು ರೂಮಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟರೆ ಆ ರೂಮಿನ ಫ್ಯೂಸ್ ಹೋಗುತ್ತದೆ, ಅಷ್ಟೇ. ಕೆಳಗಿನ ಮೀಟರ್ ಬೋರ್ಡಿಗೆ ಕೈ ಹಾಕಿದವನು ತಪ್ಪು ಮಾಡಿದರೆ ಇಡೀ ಮನೆ ಕತ್ತಲು. ಸಾಮಾನ್ಯ ಪ್ರೋಗ್ರಾಂಗಳು ರೂಮಿನೊಳಗೆ, ಅಂದರೆ ಯೂಸರ್ ಮೋಡ್‌ನಲ್ಲಿ ಇರುತ್ತವೆ. ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್‌ನ ವಿಟಿ-ಎಕ್ಸ್ ಅಥವಾ ಎಎಂಡಿ-ವಿ (ವಿಎಂ ಓಡಿಸಲೆಂದೇ ಇರುವ ಸೌಲಭ್ಯ) ಬೇಕು. ಅದಕ್ಕಾಗಿ ಅದು ತನ್ನ ಡ್ರೈವರ್‌ಗಳನ್ನು (ಹಾರ್ಡ್‌ವೇರ್ ಜೊತೆ ಮಾತಾಡುವ ಪ್ರೋಗ್ರಾಂಗಳನ್ನು) ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ, ಅಂದರೆ ಆ ಮೀಟರ್ ಬೋರ್ಡಿನಲ್ಲೇ ಕೂರಿಸುತ್ತದೆ. ಆದ್ದರಿಂದ ಹೋಸ್ಟ್ ಬಿದ್ದರೆ ಗೆಸ್ಟ್ ಉಬುಂಟುವನ್ನು ಬೈದು ಪ್ರಯೋಜನವಿಲ್ಲ. ಕರ್ನಲ್ ಡ್ರೈವರ್ ಅಥವಾ ಹಾರ್ಡ್‌ವೇರ್, ಹುಡುಕಬೇಕಾದ್ದು ಇವೆರಡರಲ್ಲೇ.

ಏನನ್ನೂ ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಕಂಪ್ಯೂಟರ್ ಹೇಗೆ ಬಿತ್ತು ಎಂದು ನೋಡಿ. ನೀಲಿ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಪರದೆ ಬಂತಾ? ಅದರಲ್ಲಿ ಸ್ಟಾಪ್ ಕೋಡ್ (ಬಿದ್ದ ಕಾರಣದ ಗುರುತು) ಇದ್ದಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಡಿ1 (DRIVER_IRQL_NOT_LESS_OR_EQUAL) ಎಂದಿದ್ದರೆ ಹೆಚ್ಚಾಗಿ ಯಾವುದೋ ಡ್ರೈವರ್‌ನ ಕೆಲಸ, ಕೆಳಗೆ ಅದರ ಫೈಲ್ ಹೆಸರೂ ಬರಬಹುದು. 124 (WHEA_UNCORRECTABLE_ERROR) ಎಂದರೆ ಪ್ರೊಸೆಸರ್ ತಾನೇ ಹಾರ್ಡ್‌ವೇರ್ ದೋಷ ಹೇಳುತ್ತಿದೆ. ಬೀಳುವ ಕ್ಷಣದ ವಿವರ ಉಳಿಸುವ ಡಂಪ್ ಫೈಲ್‌ಗಳು ವಿಂಡೋಸ್ ಫೋಲ್ಡರಿನ ಮಿನಿಡಂಪ್‌ನಲ್ಲಿ ಸಿಗುತ್ತವೆ.

ಪರದೆಯೇ ಬರದೆ ಪಟ್ಟನೆ ಆಫ್ ಆಯಿತಾ? ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಾಣುತ್ತದೆ. ಇಲ್ಲಿ ಎಲ್ಲರೂ ಎಡವುತ್ತಾರೆ. 41 ಕಾರಣವಲ್ಲ, ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬ ದಾಖಲೆ ಮಾತ್ರ. ಅದರೊಳಗೆ ಬಗ್‌ಚೆಕ್ ಕೋಡ್ (ಸ್ಟಾಪ್ ಕೋಡಿನದೇ ಇನ್ನೊಂದು ಹೆಸರು) ಸೊನ್ನೆ ಇದ್ದರೆ ಮೊದಲು ಬಿಸಿ ಮತ್ತು ಎಸ್‌ಎಂಪಿಎಸ್ (ಪವರ್ ಸಪ್ಲೈ) ನೋಡಿ. ವಿಎಂ ಓಡುವಾಗ ಪ್ರೊಸೆಸರ್‌ಗೆ ಕೆಲಸ ಜಾಸ್ತಿ, ನಮ್ಮ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಫ್ಯಾನ್‌ಗೆ ಧೂಳು ಕಟ್ಟಿದ್ದರೆ ಕೇಳುವುದೇ ಬೇಡ.

ಸುಮ್ನೆ ಸ್ಥಗಿತಗೊಂಡು ಹಾರ್ಡ್‌ಡಿಸ್ಕ್ ಲೈಟ್ ಮಿನುಗುತ್ತಲೇ ಇದ್ದರೆ ಅದು ಕ್ರ್ಯಾಶ್ ಅಲ್ಲದಿರಬಹುದು. ಒಟ್ಟು 8 ಜಿಬಿ ಮೆಮೊರಿಯಲ್ಲಿ (ರ‍್ಯಾಮ್) 6 ಜಿಬಿ ಗೆಸ್ಟ್‌ಗೆ ಕೊಟ್ಟರೆ ವಿಂಡೋಸ್ ಉಸಿರಾಡುವುದು ಹೇಗೆ?

ಡ್ರೈವರ್ ಮೇಲೆ ಅನುಮಾನ ಇದ್ದರೆ ಎರಡು ಸುಲಭದ ಪ್ರಯೋಗಗಳಿವೆ. ವಿಎಂ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಬ್ರಿಡ್ಜ್ಡ್‌ನಲ್ಲಿ (ಗೆಸ್ಟ್ ನೇರವಾಗಿ ಹೊರಗಿನ ನೆಟ್‌ವರ್ಕ್ ಸೇರುವ ಬಗೆ) ಇದ್ದರೆ ನ್ಯಾಟ್‌ಗೆ (ಹೋಸ್ಟ್ ಮೂಲಕ ಹೋಗುವ ಬಗೆ) ಬದಲಿಸಿ. ಬೀಳುವುದು ನಿಂತರೆ ಅನುಮಾನ ನೆಟ್‌ವರ್ಕ್ ಫಿಲ್ಟರ್ ಅಥವಾ ವೈಫೈ ಡ್ರೈವರ್ ಮೇಲೆ. ಹಾಗೆಯೇ 3ಡಿ ಆಕ್ಸಲರೇಷನ್ ಆಫ್ ಮಾಡಿ, ಗ್ರಾಫಿಕ್ಸ್ ಡ್ರೈವರ್ ಏನು ಹೇಳುತ್ತದೆ ನೋಡಿ. ವಿಎಂ ಕಿಟಕಿಯ ಕೆಳಅಂಚಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಹೈಪರ್-ವಿ (ವಿಂಡೋಸ್‌ನದೇ ವಿಎಂ ವ್ಯವಸ್ಥೆ) ಕೂಡ ಅಡಿಯಲ್ಲಿ ಓಡುತ್ತಿದೆ ಎಂದರ್ಥ. ಅದನ್ನು ವಿಂಡೋಸ್ ಫೀಚರ್ಸ್‌ನಲ್ಲಿ ತೆಗೆಯಬಹುದು, ಆದರೆ ಅದನ್ನೇ ನಂಬಿರುವ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಬಳಸುವವರು ಆಮೇಲೆ ನನ್ನನ್ನು ಬೈಯಬಾರದು.

ಈಗ ನನ್ನ ಕತೆ. ಕದ್ರಿಯ ರೂಮಿನಲ್ಲಿ ಹಳೆ ಡೆಸ್ಕ್‌ಟಾಪ್, 4 ಜಿಬಿಯ ಎರಡು ರ‍್ಯಾಮ್ ಕಡ್ಡಿ. ಒಂದು ಸೆಕೆಂಡ್ ಹ್ಯಾಂಡ್. ಉಬುಂಟು ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ನೀಲಿ ಪರದೆ. ರೂಮ್‌ಮೇಟ್ ಹಾಸಿಗೆಯಿಂದಲೇ ಕೇಳುತ್ತಿದ್ದ, "ಎಂತ ಮಾರಾಯ, ಪುನಃ ಹೋಯ್ತಾ?" ವರ್ಚುವಲ್‌ಬಾಕ್ಸ್ ಮೂರು ಸಲ ತೆಗೆದು ಹಾಕಿದೆ. ಸುಮ್ನೆ ಸಮಯ ಹಾಳು. ಆಮೇಲೆ ತೆಗೆದಿಟ್ಟ ಫೋಟೋಗಳನ್ನು ಒಟ್ಟಿಗೆ ನೋಡಿದಾಗ ಗೊತ್ತಾಯಿತು, ಸ್ಟಾಪ್ ಕೋಡ್ ಪ್ರತಿ ಸಲವೂ ಬೇರೆ. ಒಂದೇ ಡ್ರೈವರ್ ತಪ್ಪು ಮಾಡುತ್ತಿದ್ದರೆ ಹೆಚ್ಚಾಗಿ ಅದೇ ಕೋಡ್ ಮತ್ತೆ ಮತ್ತೆ ಬರಬೇಕು. ದಿನಕ್ಕೊಂದು ಮಾತಾಡಿದರೆ ರ‍್ಯಾಮ್ ನೋಡಬೇಕು.

ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಬೂಟ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲೇ ಕೆಂಪು ಸಾಲುಗಳು, ಅಂದರೆ ದೋಷಗಳು. ಪವರ್ ಕೇಬಲ್ ತೆಗೆದು, ಕಡ್ಡಿ ಕಳಚಿ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ರಬ್ಬರ್ ಕಪ್ಪಾಯಿತು, ಕೆಂಪು ಸಾಲು ಹೋಗಲಿಲ್ಲ. ಆಮೇಲೆ ಒಂದೊಂದೇ ಕಡ್ಡಿ ಹಾಕಿ ಪರೀಕ್ಷಿಸಿದೆ. ತಪ್ಪಿದ್ದದ್ದು ಸೆಕೆಂಡ್ ಹ್ಯಾಂಡ್‌ನಲ್ಲೇ.

ಹಾಗಾದರೆ ಬ್ರೌಸರ್‌ನಲ್ಲಿ ಏಕೆ ಏನೂ ಆಗುತ್ತಿರಲಿಲ್ಲ? ಕಡಿಮೆ ರ‍್ಯಾಮ್ ಬಳಕೆಯಾಗುವಾಗ ಹಾಳಾದ ಜಾಗಕ್ಕೆ ಕಾಲಿಡುವ ಸಂದರ್ಭ ಕಡಿಮೆ. ಇನ್‌ಸ್ಟಾಲ್ ಆಗುತ್ತಿರುವ ಗೆಸ್ಟ್ ಒಮ್ಮೆಗೇ ಜಾಸ್ತಿ ಜಾಗ ಹಿಡಿದು ಬರೆಯುತ್ತದೆ, ಅಲ್ವಾ?

ಆ ಕಡ್ಡಿ ತೆಗೆದಿಟ್ಟೆ. ಉಳಿದ 4 ಜಿಬಿಯಲ್ಲಿ ಡೆಸ್ಕ್‌ಟಾಪ್ ಪರದೆ ಇಲ್ಲದ ಡೆಬಿಯನ್ (ಇನ್ನೊಂದು ಲಿನಕ್ಸ್) ಗೆಸ್ಟ್‌ಗೆ 1 ಜಿಬಿ ಕೊಟ್ಟೆ. ಕಪ್ಪು ಪರದೆ, ಬಿಳಿ ಅಕ್ಷರ. ಲ್ಯಾಬ್ ಪರೀಕ್ಷೆ ಮುಗಿಯುವ ತನಕ ಅದರಲ್ಲೇ ಕೆಲಸ ಆಯಿತು.